ನೋಡೋಕೇನಿಲ್ಲ ಅನ್ನೋ ಊರು

ಈ ಸಲ ಜಗಳ ಮಾಡುವುದಕ್ಕೇ ಕೂತಿದ್ದೇನೆ, ಮೊದಲೇ ಹೇಳಿಬಿಡುತ್ತೇನೆ. ಯಾರ ಜೊತೆ ಅಂದರೆ, ಇಂಗ್ಲೆಂಡಿನಲ್ಲಿ ಕೂತು ಕನ್ನಡದಲ್ಲಿ ಬ್ಲಾಗು ಬರೆಯುವ ನಿಮ್ಮೆಲ್ಲರ ಜೊತೆ. ನಿಮ್ಮ ಪ್ರವಾಸದ ಬರಹಗಳನ್ನು ಒಂದೂ ಬಿಡದೆ ಓದುತ್ತೇನೆ. ಲಂಡನ್ ಐ ಹತ್ತಿ ಇಳಿದದ್ದು, ಮೇಡಂ ಟುಸ್ಸಾಡ್ಸ್‌ನಲ್ಲಿ ಮೇಣದ ಅಮಿತಾಭನ ಹೆಗಲ ಮೇಲೆ ಕೈ ಹಾಕಿದ್ದು, ಸ್ಟೋನ್‌ಹೆಂಜಿನ ಕಲ್ಲು, ಲೇಕ್ ಡಿಸ್ಟ್ರಿಕ್ಟಿನ ಮಳೆ, ದಾರಿಯಲ್ಲಿ ಬಿಚ್ಚಿದ ಪುಳಿಯೋಗರೆ ಡಬ್ಬಿ. ಮೇಲಿನ ಹೆಸರನ್ನು ಕೈಯಿಂದ ಮುಚ್ಚಿದರೆ ಯಾರ ಬ್ಲಾಗು ಯಾರದ್ದು ಅಂತ ಹೇಳುವುದು ಕಷ್ಟ, ಬೇಜಾರು ಮಾಡ್ಕೋಬೇಡಿ.

ಸರಿ, ಅದೆಲ್ಲ ಬರೆಯಿರಿ, ಬೇಡ ಅಂದವರು ಯಾರು? ನನ್ನ ತಕರಾರು ಇರುವುದು ಒಂದೇ ಒಂದು ಸಾಲಿನ ಬಗ್ಗೆ. ಎಲ್ಲರ ಬರಹದಲ್ಲೂ ಅದು ಎಲ್ಲೋ ಒಂದು ಕಡೆ ಬಂದೇ ಬರುತ್ತದೆ. ‘ನಾವಿರೋದು ಲಂಡನ್ನಿಗೆ ಅರ್ಧ ಗಂಟೆ ದೂರದ ಒಂದು ಸಣ್ಣ ಊರಲ್ಲಿ, ಇಲ್ಲಿ ನೋಡೋಕೇನಿಲ್ಲ.’ ಅಷ್ಟೇ. ಐದು ವರ್ಷ, ಹತ್ತು ವರ್ಷ ಉಂಡು ಮಲಗಿದ ಊರಿಗೆ ಅರ್ಧ ಸಾಲು. ಎರಡು ದಿನ ಹೋಗಿಬಂದ ಪ್ಯಾರಿಸ್ಸಿಗೆ ಮೂರು ಕಂತು!

ನಾನಿರುವುದು ವೋಕಿಂಗ್‌ನಲ್ಲಿ. ಸರ್ರೀ ಕೌಂಟಿಯ ಊರು. ವೇಗದ ರೈಲು ಹಿಡಿದರೆ ಲಂಡನ್ನಿನ ವಾಟರ್‌ಲೂ ನಿಲ್ದಾಣಕ್ಕೆ ಅರ್ಧ ಗಂಟೆಯ ಹಾದಿ. ಇಂಥವನ್ನು ಇಲ್ಲಿ ಕಮ್ಯೂಟರ್ ಟೌನ್ ಅನ್ನುತ್ತಾರೆ. ನಮ್ಮ ಕಡೆಯವರಿಗೆ ಹೇಳುವುದಾದರೆ ತುಮಕೂರಿನಿಂದಲೋ ಮದ್ದೂರಿನಿಂದಲೋ ಪಾಸು ಮಾಡಿಸಿಕೊಂಡು ದಿನಾ ಬೆಂಗಳೂರಿಗೆ ಓಡಾಡುವವರ ಹಾಗೆ. ಇಲ್ಲಿ ರೈಲು ಓಡಿಸುವ ಸಂಸ್ಥೆಯ ಹೆಸರೂ ಸೌತ್ ವೆಸ್ಟರ್ನ್ ರೈಲ್ವೆ, ನಮ್ಮ ಹುಬ್ಬಳ್ಳಿಯ ನೈಋತ್ಯ ರೈಲ್ವೆಯ ಇಂಗ್ಲಿಷ್ ಹೆಸರೇ. 2025ರ ಮೇ ತಿಂಗಳಲ್ಲಿ ಇದೂ ಸರಕಾರದ್ದಾಯಿತು, ಈಗ ಇನ್ನೂ ಹತ್ತಿರದ ನೆಂಟಸ್ತಿಕೆ :-)

ತುಮಕೂರಿನವನು ರಾತ್ರಿ ಎಂಟಕ್ಕೆ ಇಳಿದರೂ ಊರಿನ ಜಾತ್ರೆ, ಮದುವೆ, ಗಲಾಟೆ ಎಲ್ಲದರಲ್ಲೂ ಒಂದು ಕಾಲಿಟ್ಟಿರುತ್ತಾನೆ. ನಾವು? ಬೆಳಿಗ್ಗೆ ಕತ್ತಲಲ್ಲೇ ಪ್ಲಾಟ್‌ಫಾರ್ಮು, ಸಂಜೆ ಕತ್ತಲಲ್ಲೇ ವಾಪಸ್ಸು. ಶನಿವಾರ ಬಂದರೆ ಕಾರು ಹತ್ತಿ ಇನ್ನೆಲ್ಲಿಗೋ. ಊರು ಅಂದರೆ ಛತ್ರ. ರಾತ್ರಿ ಮಲಗಿ ಬೆಳಿಗ್ಗೆ ಜಾಗ ಖಾಲಿ ಮಾಡುವುದಕ್ಕೆ.

ಸರಿ ಸ್ವಾಮಿ, ನೋಡೋಕೇನಿಲ್ಲ ಅಂದಿರಲ್ಲ, ಒಂದೊಂದಾಗಿ ನೋಡೇಬಿಡೋಣ.

ಸ್ಟೇಷನ್ನಿನಿಂದ ಹೊರಬಿದ್ದು ಓರಿಯಂಟಲ್ ರೋಡ್ ಹಿಡಿದು ನಡೆದರೆ ಸ್ವಲ್ಪ ಹೊತ್ತಿಗೇ ಷಾಜಹಾನ್ ಮಸೀದಿ ಸಿಗುತ್ತದೆ. ಹೆಸರು ಕೇಳಿ ತಾಜಮಹಲಿನ ಷಾಜಹಾನ್ ಅಂದುಕೊಳ್ಳಬೇಡಿ. ಇವರು ಭೋಪಾಲವನ್ನು ಆಳಿದ ಷಾಜಹಾನ್ ಬೇಗಂ. ಮಸೀದಿ ಕಟ್ಟಿಸಲು ದುಡ್ಡು ಕೊಟ್ಟವರು ಅವರೇ. 1889ರಲ್ಲಿ ಮುಗಿದ ಇದು ಇಡೀ ಬ್ರಿಟನ್ನಿನಲ್ಲೇ ಮಸೀದಿಯೆಂದೇ ಕಟ್ಟಿದ ಮೊದಲ ಕಟ್ಟಡ. ಕಟ್ಟಿಸಿದವನು ಲೈಟ್ನರ್ ಅಂತ ಒಬ್ಬ ಮಹಾಶಯ, ಹಂಗೇರಿಯಲ್ಲಿ ಯಹೂದಿ ಮನೆತನದಲ್ಲಿ ಹುಟ್ಟಿದವನು. ಲಾಹೋರಿನ ಸರಕಾರಿ ಕಾಲೇಜಿಗೆ ಪ್ರಿನ್ಸಿಪಾಲನಾಗಿದ್ದು, ಆಮೇಲೆ ವೋಕಿಂಗಿಗೆ ಬಂದು ಪೂರ್ವದೇಶಗಳ ಭಾಷೆ ಕಲಿಸಲು ಓರಿಯಂಟಲ್ ಇನ್‌ಸ್ಟಿಟ್ಯೂಟ್ ತೆರೆದ. ಅಲ್ಲಿಗೆ ಬರುವ ಮುಸಲ್ಮಾನ ವಿದ್ಯಾರ್ಥಿಗಳಿಗೆ ನಮಾಜಿಗೊಂದು ಜಾಗ ಬೇಕಲ್ಲ ಅಂತ ಈ ಮಸೀದಿ. ಪಕ್ಕದ ಮನೆಗೆ ಹೈದರಾಬಾದಿನ ದಿವಾನ ಸಾಲಾರ್ ಜಂಗ್ ಹೆಸರು. ಅಂದರೆ ಒಬ್ಬ ಯಹೂದಿ ಮೂಲದವನ ಕೆಲಸ, ಭೋಪಾಲದ ಒಬ್ಬ ಹೆಣ್ಣುಮಗಳ ದುಡ್ಡು, ನಿಜಾಮನ ದಿವಾನನ ಹೆಸರು, ಎಲ್ಲ ಸೇರಿದ್ದು ನಮ್ಮ ರೈಲ್ವೆ ಹಳಿಯ ಪಕ್ಕ. 2018ರಲ್ಲಿ ಇದಕ್ಕೆ ಗ್ರೇಡ್ ಒನ್ ಸ್ಮಾರಕದ ದರ್ಜೆ ಸಿಕ್ಕಿತು. ನಿಮ್ಮ ರೈಲು ದಿನಾ ಎರಡು ಸಲ ಅದರ ಪಕ್ಕದಲ್ಲೇ ಹೋಗುತ್ತದೆ. ಮೊಬೈಲಿನಿಂದ ತಲೆ ಎತ್ತಿದ್ದೀರಾ?

ಕಥೆ ಕಾದಂಬರಿ ಓದುವವರಿಗೆ ಇನ್ನೊಂದು ಸೇರಿಸುತ್ತೇನೆ. ಎಚ್. ಜಿ. ವೆಲ್ಸ್ 1895ರಲ್ಲಿ ಇಲ್ಲಿಯ ಮೇಬರಿ ರಸ್ತೆಗೆ ಬಂದು ರೈಲ್ವೆ ಹಳಿಗೆ ಎದುರಾಗಿ ಮನೆ ಮಾಡಿದ್ದ. ಸೈಕಲ್ ಹತ್ತಿ ಸುತ್ತಮುತ್ತ ತಿರುಗಿ, ಯಾವ್ಯಾವ ಬೀದಿ, ಯಾವ್ಯಾವ ಮನೆ ಧ್ವಂಸ ಮಾಡಿಸಲಿ ಅಂತ ನೋಡಿಕೊಂಡು ಬಂದು ‘ದ ವಾರ್ ಆಫ್ ದ ವರ್ಲ್ಡ್ಸ್’ ಬರೆದ. 1898ರಲ್ಲಿ ಪುಸ್ತಕವಾಗಿ ಬಂತು. ಮಂಗಳ ಗ್ರಹದವರು ಬಂದಿಳಿಯುವ ಹಾರ್ಸೆಲ್ ಕಾಮನ್ನಿನ ಮರಳು ಗುಂಡಿ ಈಗಲೂ ಹಾಗೇ ಇದೆ, ಊರಿಂದ ನಡೆದೇ ಹೋಗಬಹುದು. ಅವರ ಏಟಿಗೆ ಈ ಮಸೀದಿಯ ಶಿಖರವೂ ಕಾದಂಬರಿಯಲ್ಲಿ ಉರುಳುತ್ತದೆ. ಪೇಟೆಯ ನಡುವೆ ಏಳು ಮೀಟರ್ ಎತ್ತರದ ಮೂರು ಕಾಲಿನ ಲೋಹದ ಮಂಗಳಜೀವಿಯನ್ನು 1998ರಲ್ಲಿ ನಿಲ್ಲಿಸಿದ್ದಾರೆ. ನಮ್ಮವರು ಅದರ ಕಾಲಿನ ಹತ್ತಿರ ಚೀಲ ಇಳಿಸಿ ‘ಎಲ್ಲಿದ್ದೀಯ, ನಾನು ಇಲ್ಲೇ ಆ ಕಂಬದ ಹತ್ತಿರ ಇದ್ದೀನಿ’ ಅಂತ ಫೋನು ಮಾಡುವುದನ್ನು ಕೇಳಿದ್ದೇನೆ. ಕಂಬವಂತೆ!

ಅದೇ ಹಾರ್ಸೆಲ್ ಕಾಮನ್ನಿನ ಅಂಚಿನಲ್ಲಿ ಕಮಾನು, ಛತ್ರಿ ಇರುವ ಇಟ್ಟಿಗೆ ಗೋಡೆಯ ಒಂದು ಸಣ್ಣ ಆವರಣವಿದೆ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಗಾಯಗೊಂಡ ನಮ್ಮ ಸಿಪಾಯಿಗಳನ್ನು ಬ್ರೈಟನ್ನಿನ ಆಸ್ಪತ್ರೆಗಳಿಗೆ ತರುತ್ತಿದ್ದರು. ಸತ್ತ ಮುಸಲ್ಮಾನ ಸೈನಿಕರನ್ನು ಅವರ ಧರ್ಮದ ರೀತಿಯಲ್ಲಿ ಮಣ್ಣು ಮಾಡುತ್ತಿಲ್ಲ ಅಂತ ಜರ್ಮನರು ಪ್ರಚಾರ ಶುರುಮಾಡಿದರು. ಅದಕ್ಕೆ ಉತ್ತರವಾಗಿ, ಮಸೀದಿ ಹತ್ತಿರವಿದೆ ಅಂತ ಇಲ್ಲಿ ಜಾಗ ಕೊಟ್ಟು, 1917ರಲ್ಲಿ ಕಟ್ಟಿ ಮುಗಿಸಿದರು. ಎರಡೂ ಯುದ್ಧಗಳ ಸೈನಿಕರು ಇಲ್ಲಿದ್ದರು. ಅರವತ್ತರ ದಶಕದ ಕೊನೆಗೆ ಕಿಡಿಗೇಡಿಗಳ ಕಾಟ ತಾಳಲಾರದೆ ಅವರನ್ನು ತೆಗೆದು ಬ್ರೂಕ್‌ವುಡ್ಡಿನ ಸೈನಿಕ ಸ್ಮಶಾನಕ್ಕೆ ಸಾಗಿಸಿದರು. ಜಾಗ ಹಾಳುಬಿತ್ತು. 2015ರಲ್ಲಿ ಮತ್ತೆ ದುರಸ್ತಿ ಮಾಡಿ ಶಾಂತಿವನ ಅಂತ ತೆರೆದಿದ್ದಾರೆ. 27 ಸೈನಿಕರಿಗೆ 27 ಹಿಮಾಲಯದ ಬರ್ಚ್ ಮರಗಳು. ನಾನು ಹೋದಾಗಲೆಲ್ಲ ನಾಯಿ ಅಡ್ಡಾಡಿಸುವ ಇಬ್ಬರು ಮೂವರು ಬಿಳಿಯರ ಬಿಟ್ಟರೆ ಯಾರೂ ಇರುವುದಿಲ್ಲ. ಕಾರು ನಿಲ್ಲಿಸುವ ಜಾಗ ಪಕ್ಕದಲ್ಲೇ ಇದೆ, ಅದೂ ನೆಪ ಹೇಳೋ ಹಾಗಿಲ್ಲ.

ನಿಮ್ಮಲ್ಲಿ ಮುಕ್ಕಾಲು ಪಾಲು ಸಾಫ್ಟ್‌ವೇರಿನವರು. ಬ್ಲೆಚ್ಲಿ ಪಾರ್ಕಿಗೆ ಹೋಗಿ ಅಲನ್ ಟ್ಯೂರಿಂಗ್ ಬಗ್ಗೆ ಬರೆದ ಮೂರು ಬರಹ ಈ ವರ್ಷವೇ ಓದಿದ್ದೇನೆ. ಚೆನ್ನಾಗಿದ್ದವು. ಆ ಟ್ಯೂರಿಂಗನನ್ನು 1954ರ ಜೂನ್ 12ರಂದು ಸುಟ್ಟದ್ದು ಎಲ್ಲಿ ಅಂತ ಒಬ್ಬರೂ ಬರೆಯಲಿಲ್ಲ. ವೋಕಿಂಗಿನ ಸೇಂಟ್ ಜಾನ್ಸ್‌ನಲ್ಲಿರುವ ಚಿತಾಗಾರದಲ್ಲಿ. ಬೂದಿಯನ್ನು ಅಲ್ಲಿಯ ತೋಟದಲ್ಲೇ, ಅವನ ಅಪ್ಪನ ಬೂದಿ ಚೆಲ್ಲಿದ ಜಾಗದಲ್ಲೇ ಚೆಲ್ಲಿದರು. (ಅಪ್ಪ ನಮ್ಮ ಪಕ್ಕದ ಮದರಾಸು ಪ್ರಾಂತ್ಯದಲ್ಲಿ ಐಸಿಎಸ್ ಅಧಿಕಾರಿಯಾಗಿದ್ದವನು.) 2021ರಿಂದ ಐವತ್ತು ಪೌಂಡಿನ ನೋಟಿನ ಮೇಲೆ ಇರುವವನು, ನಾವೆಲ್ಲ ಅನ್ನ ತಿನ್ನುವ ವಿದ್ಯೆಯ ಮೂಲಪುರುಷ, ನಿಮ್ಮ ಮನೆಯಿಂದ ಎರಡು ಮೈಲಿಯಲ್ಲಿ ಮಣ್ಣಾಗಿದ್ದಾನೆ. ನೋಡೋಕೇನಿಲ್ಲ!

ಆ ಚಿತಾಗಾರದ್ದೇ ಒಂದು ದೊಡ್ಡ ಕಥೆ. ಇಂಗ್ಲೆಂಡಿನಲ್ಲಿ ಹೆಣ ಸುಡುವುದನ್ನು ಜನ ಅಸಹ್ಯ ಅಂತ ನೋಡುತ್ತಿದ್ದ ಕಾಲದಲ್ಲಿ, ವಿಕ್ಟೋರಿಯಾ ರಾಣಿಯ ವೈದ್ಯ ಹೆನ್ರಿ ಥಾಮ್ಸನ್ ಮತ್ತು ಗೆಳೆಯರು ಸಂಘ ಕಟ್ಟಿ ಇದನ್ನು ಶುರುಮಾಡಿದರು. 1879ರಲ್ಲಿ ಪರೀಕ್ಷೆಗೆ ಅಂತ ಒಂದು ಸತ್ತ ಕುದುರೆಯನ್ನು ಸುಟ್ಟರು. ಊರವರು ಬೊಬ್ಬೆ ಹಾಕಿದರು, ಗೃಹಮಂತ್ರಿ ತಡೆ ಹಾಕಿದ. ಆಮೇಲೆ 1884ರಲ್ಲಿ ವೇಲ್ಸಿನ ವಿಲಿಯಂ ಪ್ರೈಸ್ ಅನ್ನುವ ಹಟಮಾರಿ ವೈದ್ಯ ತನ್ನ ಸತ್ತ ಕೂಸನ್ನು ಗುಡ್ಡದ ಮೇಲೆ ಸುಡಲು ಹೋಗಿ ಸಿಕ್ಕಿಬಿದ್ದ. ಬೇರೆಯವರಿಗೆ ತೊಂದರೆಯಾಗದಂತೆ ಸುಟ್ಟರೆ ಅಪರಾಧವಲ್ಲ ಅಂತ ನ್ಯಾಯಾಧೀಶ ತೀರ್ಪು ಕೊಟ್ಟ. ಆ ತೀರ್ಪಿನ ಬಲದಿಂದ 1885ರ ಮಾರ್ಚ್ 26ರಂದು ವೋಕಿಂಗಿನಲ್ಲಿ ಮೊದಲ ಶವದಹನವಾಯಿತು. ಹತ್ತು ವರ್ಷದ ಮೇಲೆ, 1895ರಲ್ಲಿ, ಕಾರ್ಲ್ ಮಾರ್ಕ್ಸ್‌ನ ಗೆಳೆಯ ಎಂಗೆಲ್ಸ್ ಕೂಡ ಇಲ್ಲೇ ಬೂದಿಯಾದ. ಈ ದೇಶದಲ್ಲಿ ನಮ್ಮವರು ತೀರಿಕೊಂಡಾಗ ಸುಡುವುದಕ್ಕೆ ಯಾರನ್ನೂ ಬೇಡಬೇಕಿಲ್ಲವಲ್ಲ, ಆ ಬಾಗಿಲು ತೆರೆದದ್ದು ಈ ‘ಏನಿಲ್ಲದ’ ಊರು.

‘ಏನ್ರೀ ಇದು, ಬರೀ ಮಸಣದ ಮಾತು’ ಅಂತ ಯಾರೋ ಕಾಮೆಂಟು ಕುಟ್ಟುವುದು ಈಗಲೇ ಕೇಳಿಸುತ್ತಿದೆ. ಮೈಲಿಗೆ ಅಂತೀರಾ? ಬಿಜಾಪುರಕ್ಕೆ ಹೋಗಿ ಗೋಲಗುಂಬಜಿನೊಳಗೆ ‘ಹೋ’ ಅಂತ ಕೂಗಿ ಬಂದವರಲ್ಲವೇ ನಾವೆಲ್ಲ? ಅದು ಆದಿಲ್‌ಶಾಹಿ ಸುಲ್ತಾನನ ಗೋರಿ. ತಾಜಮಹಲಿನ ಮುಂದೆ ಕಲ್ಲು ಬೆಂಚಿನ ಮೇಲೆ ಕೂತು ಫೋಟೋ ತೆಗೆಸಿಕೊಂಡು ಫ್ರೇಮು ಹಾಕಿಸಿದ್ದೀರಿ, ಅದೂ ಗೋರಿ. ಟಿಕೆಟ್ಟು ಕೊಂಡು ನೋಡುವ ಗೋರಿಗೆ ಮೈಲಿಗೆಯಿಲ್ಲ, ಪುಕ್ಕಟೆ ಸಿಗುವುದಕ್ಕೆ ಮಾತ್ರ ಮೈಲಿಗೆಯೇ?

ಹೇಗೂ ಮಸಣದ ಮಾತು ಬಂತು, ಪೂರ್ತಿ ಹೇಳಿಬಿಡುತ್ತೇನೆ. ನಾನು ಈ ಜಗಳ ತೆಗೆಯಲು ಕಾರಣವೇ ಅದು.

ವೋಕಿಂಗಿನಿಂದ ಮುಂದಿನ ಸ್ಟೇಷನ್ನು ಬ್ರೂಕ್‌ವುಡ್. ಲಂಡನ್ನಿನ ಸ್ಮಶಾನಗಳೆಲ್ಲ ತುಂಬಿ, ಕಾಲರಾ ಬಂದು ಜನ ಸಾಯುತ್ತಿದ್ದಾಗ, ಊರಾಚೆಗೆ ಒಂದು ಮಹಾ ಸ್ಮಶಾನ ಮಾಡೋಣ ಅಂತ ಕಂಪನಿಯೊಂದು ಎರಡು ಸಾವಿರ ಎಕರೆಯಷ್ಟು ಬಯಲು ಕೊಂಡಿತು. 1854ರಲ್ಲಿ ಸ್ಮಶಾನ ಶುರುವಾಯಿತು. ಆ ಕಾಲಕ್ಕೆ ಜಗತ್ತಿನಲ್ಲೇ ದೊಡ್ಡದು. ವಾಟರ್‌ಲೂ ಪಕ್ಕದಿಂದ ಹೆಣಗಳಿಗೆಂದೇ ರೈಲು. ಅದರಲ್ಲೂ ಫಸ್ಟ್, ಸೆಕೆಂಡ್, ಥರ್ಡ್ ಕ್ಲಾಸು, ಚರ್ಚಿನ ಪಂಥಗಳಿಗೆ ಬೇರೆ ಬೇರೆ ಡಬ್ಬಿ. ನಮ್ಮಲ್ಲಿ ಮಾತ್ರ ಜಾತಿ ಇದೆ ಅಂತ ಯಾರಾದರೂ ಇಂಗ್ಲಿಷಿನವರು ನಿಮಗೆ ಪಾಠ ಹೇಳಿದರೆ ಈ ರೈಲಿನ ಕಥೆ ಹೇಳಿ. ಅಳುವವರಿಗೆ ಹೋಗಿಬರುವ ಟಿಕೆಟ್ಟು, ಸತ್ತವರಿಗೆ ಹೋಗುವ ಟಿಕೆಟ್ಟು ಮಾತ್ರ! 1941ರಲ್ಲಿ ಜರ್ಮನ್ ಬಾಂಬು ಬಿದ್ದು ಲಂಡನ್ನಿನ ಆ ನಿಲ್ದಾಣ ಹಾಳಾಗುವವರೆಗೂ ಈ ರೈಲಿತ್ತು. ಇನ್ನೂ ತಮಾಷೆಯೆಂದರೆ, ಅಷ್ಟು ಜಾಗ ಬೇಡವಾಗಿ ಕಂಪನಿಯವರು ಉಳಿದದ್ದನ್ನು ಮಾರಿದರಲ್ಲ, ಅಲ್ಲೇ ಎದ್ದದ್ದು ಇವತ್ತಿನ ವೋಕಿಂಗ್ ಪೇಟೆ. ಮಸಣ ಬೇಡ ಅನ್ನುವವರು ಕಾಫಿ ಕುಡಿಯುತ್ತಿರುವುದೇ ಮಸಣದ ಕಂಪನಿಯ ಜಾಗದಲ್ಲಿ.

ಆ ಬ್ರೂಕ್‌ವುಡ್ಡಿನಲ್ಲಿ 1862ರಿಂದ ಪಾರ್ಸಿಗಳದ್ದೊಂದು ಭಾಗ ಇದೆ. ಪಾರ್ಸಿಗಳು ಮಣ್ಣು ಮಾಡುವವರಲ್ಲ, ಆದರೆ ಪರದೇಶದಲ್ಲಿ ಸತ್ತರೆ ಏನು ಮಾಡುವುದು? 1904ರ ಮೇ ತಿಂಗಳಲ್ಲಿ ಜರ್ಮನಿಯ ಬಾಡ್ ನಾಹೈಮ್‌ನಲ್ಲಿ ತೀರಿಕೊಂಡ ಒಬ್ಬ ಪಾರ್ಸಿ ಹಿರಿಯರನ್ನು ಇಲ್ಲಿಗೆ ತಂದು ಮಣ್ಣು ಮಾಡಿದರು. ಹೆಸರು ಜಮ್ಷೆಡ್‌ಜಿ ಟಾಟಾ. ಅವರ ಇಬ್ಬರು ಮಕ್ಕಳು, ದೊರಾಬ್ಜಿ ಮತ್ತು ರತನ್, ಇಬ್ಬರೂ ಇಲ್ಲೇ ಇದ್ದಾರೆ.

ಬೆಂಗಳೂರಿನವರಿಗೆ ಟಾಟಾ ಯಾರು ಅಂತ ಹೇಳಬೇಕೇ? ಬಸವನಗುಡಿ ಕಡೆಯವರು ‘ಟಾಟಾ ಸಿಲ್ಕ್ ಫಾರ್ಮ್’ ಅಂತ ಕಂಡಕ್ಟರಿಗೆ ಹೇಳಿ ಟಿಕೆಟ್ಟು ತಗೊಂಡಿದ್ದೀರಲ್ಲ, ಜಪಾನಿನಿಂದ ತಿಳಿದವರನ್ನು ಕರೆಸಿ ಅಲ್ಲಿ ರೇಷ್ಮೆ ಸಾಕಣೆ ಶುರುಮಾಡಿಸಿದವರು ಈ ಪುಣ್ಯಾತ್ಮರು. ಮಲ್ಲೇಶ್ವರ, ಯಶವಂತಪುರದವರಿಗೆ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಅಂದರೆ ಬಾಯಿಗೆ ಬರುವುದು ‘ಟಾಟಾ ಇನ್‌ಸ್ಟಿಟ್ಯೂಟ್’ ಅಂತಲೇ. ಕನಸು ಕಂಡವರು, ಆಸ್ತಿ ಬರೆದುಕೊಟ್ಟವರು ಜಮ್ಷೆಡ್‌ಜಿ. 371 ಎಕರೆ ಜಾಗ ಕೊಟ್ಟದ್ದು ಮೈಸೂರು ಸಂಸ್ಥಾನ. 1909ರಲ್ಲಿ ಅದು ಸ್ಥಾಪನೆಯಾದಾಗ ಜಮ್ಷೆಡ್‌ಜಿ ಐದು ವರ್ಷದಿಂದ ಬ್ರೂಕ್‌ವುಡ್ಡಿನಲ್ಲಿ ಮಲಗಿದ್ದರು.

ಈಗ ಕೇಳಿ. ನನಗೆ ಗೊತ್ತಿರುವ ಒಂದು ಮನೆ, ಇದೇ ವೋಕಿಂಗಿನಲ್ಲಿ. ಒಳ್ಳೆಯ ಜನ. ಮಗ, ಸೊಸೆ ಇಬ್ಬರೂ ಲಂಡನ್ನಿಗೆ ಓಡಾಡುವವರು. ಮಗನ ತಂದೆ ವೀಸಾ ಮಾಡಿಸಿಕೊಂಡು ಬಂದು ಐದು ತಿಂಗಳಿದ್ದರು. ಸೋಮವಾರದಿಂದ ಶುಕ್ರವಾರ ಹಿರಿಯರು ಮನೆಯಲ್ಲಿ ಒಬ್ಬರೇ. ಕಿಟಕಿ, ಟೀವಿ, ಎಂಟು ಗಂಟೆಯ ಒಳಗೆ ಮೂರು ಸಲ ಕಾಫಿ. ಎಲ್ಲಾದರೂ ಹೋಗಿಬರಲೇನಪ್ಪ ಅಂದರೆ, ‘ಇಲ್ಲಿ ನೋಡೋಕೇನಿಲ್ಲಪ್ಪ, ಶನಿವಾರ ಲಂಡನ್ನಿಗೆ ಕರ್ಕೊಂಡು ಹೋಗ್ತೀನಿ.’ ಕರೆದುಕೊಂಡು ಹೋಗಿದ್ದಾರೆ, ಇಲ್ಲ ಅನ್ನುವುದಿಲ್ಲ. ಅರಮನೆ, ಸೇತುವೆ, ಗಡಿಯಾರ ಎಲ್ಲ ತೋರಿಸಿದ್ದಾರೆ. ಅವರು ವಾಪಸ್ಸು ಹೊರಡುವ ಹಿಂದಿನ ರಾತ್ರಿ ನಾನು ಊಟಕ್ಕೆ ಹೋಗಿದ್ದೆ, ಆವತ್ತೇ ಮೊದಲ ಭೇಟಿ. ಮಾತಿಗೆ ಮಾತು ಬಂದು, ಕೆಲಸ ಎಲ್ಲಿ ಮಾಡ್ತಿದ್ರಿ ಸಾರ್ ಅಂತ ಕೇಳಿದೆ.

‘ಟಾಟಾ ಇನ್‌ಸ್ಟಿಟ್ಯೂಟಲ್ಲಿ ಮೂವತ್ನಾಲ್ಕು ವರ್ಷ. ವರ್ಕ್‌ಶಾಪಲ್ಲಿ. ಲೇತ್ ಮೇಲೆ’ ಅಂದರು.

ಅವರ ಸಮಾಧಿ ಇಲ್ಲೇ, ಮುಂದಿನ ಸ್ಟೇಷನ್ನಿನಲ್ಲಿ ಇದೆಯಲ್ಲ ಸಾರ್ ಅಂದೆ. ಯಾರ ಸಮಾಧಿ ಅಂದರು. ಹೇಳಿದೆ. ಕೈಯಲ್ಲಿದ್ದ ತುತ್ತು ಹಾಗೇ ಇಟ್ಟುಕೊಂಡು ಮಗನ ಮುಖ ನೋಡಿದರು, ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನನ್ನನ್ನು ಕೇಳಿದರು, ‘ರಾತ್ರಿ ಹೊತ್ತು ಒಳಗೆ ಬಿಡ್ತಾರೇನಮ್ಮಾ?’ ಬೆಳಿಗ್ಗೆ ಐದಕ್ಕೆ ಹೀಥ್ರೂವಿಗೆ ಹೊರಡಬೇಕಿತ್ತು. ಹೂವಿನ ಮಾತಂತೂ ದೂರ, ದೂರದಿಂದ ಒಂದು ಕೈ ಮುಗಿಯುವುದಕ್ಕೂ ಆಗಲಿಲ್ಲ. ಐದು ತಿಂಗಳು ಆ ಮನುಷ್ಯ ಕಿಟಕಿಯಿಂದ ನೋಡುತ್ತಿದ್ದದ್ದು ಬ್ರೂಕ್‌ವುಡ್ಡಿನ ಕಡೆಗೆ ಹೋಗುವ ರೈಲುಗಳನ್ನೇ.

ಆ ಮಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಯಾರು ಹೇಳಬೇಕಿತ್ತು? ಇಂಗ್ಲೆಂಡಿನ ಬಗ್ಗೆ ಕನ್ನಡದಲ್ಲಿ ಹುಡುಕಿದರೆ ಸಿಗುವುದು ನಮ್ಮ ಬ್ಲಾಗುಗಳೇ. ಹುಡುಕಿ ನೋಡಿ, ಲಂಡನ್ ಐಗೆ ಎಷ್ಟು ಹೊತ್ತು ಕ್ಯೂ ಅಂತ ಹನ್ನೆರಡು ಕಡೆ ಸಿಗುತ್ತದೆ. ಅದಕ್ಕೇ ಈ ಸಿಟ್ಟು, ಅದಕ್ಕೇ ನಿಮ್ಮ ಮೇಲೆ. (ಅಂದ ಹಾಗೆ ಲಂಡನ್ ಐಯ ನಕಾಶೆ ಹಾಕಿದ ಮಾರ್ಕ್ಸ್ ಬಾರ್‌ಫೀಲ್ಡ್ ಸಂಸ್ಥೆಯೇ ವೋಕಿಂಗಿನ ಲೈಟ್‌ಬಾಕ್ಸ್ ಮ್ಯೂಸಿಯಮ್ಮಿನ ಕಟ್ಟಡವನ್ನೂ ಮಾಡಿದ್ದು, 2007ರಲ್ಲಿ ತೆರೆಯಿತು. ಕಾಲುವೆಯ ದಂಡೆಯಲ್ಲೇ ಇದೆ. ಇದಕ್ಕೆ ಕ್ಯೂ ಇಲ್ಲ.)

ಜಾಗಗಳ ಕಥೆ ಹೀಗಾದರೆ, ಊರಿನಲ್ಲಿ ನಡೆಯುವುದರ ಕಥೆ ಇನ್ನೂ ಕಷ್ಟ. ನಮ್ಮ ಹಬ್ಬಕ್ಕೆ ನಾವು ಹಾಲು ಬಾಡಿಗೆ ಹಿಡಿದು, ನಮ್ಮ ಹಾಡು ಹಾಡಿ, ನಮ್ಮ ಬಿಸಿಬೇಳೆಬಾತು ತಿಂದು, ಬಾಗಿಲು ಹಾಕಿಕೊಂಡು ಬರುತ್ತೇವೆ. ಊರವರ ಹಬ್ಬಕ್ಕೆ ಹೋಗುವುದಿಲ್ಲ. ಡಿಸೆಂಬರಿನಲ್ಲಿ ನ್ಯೂ ವಿಕ್ಟೋರಿಯಾ ಥಿಯೇಟರಿನಲ್ಲಿ ಪ್ಯಾಂಟೊ ಆಗುತ್ತದೆ, ನೋಡಿದ್ದೀರಾ? ಥೇಟು ನಮ್ಮ ಕಂಪನಿ ನಾಟಕ. ಗಂಡಸು ಹೆಣ್ಣು ವೇಷ ಹಾಕಿ ದಪ್ಪ ಸೊಂಟ ಕುಣಿಸುವುದು, ಎರಡರ್ಥದ ಮಾತು, ಖಳನಾಯಕ ಬಂದ ಕೂಡಲೇ ಜನ ಎದ್ದು ಕೂಗುವುದು, ಮಕ್ಕಳು ‘ನಿನ್ನ ಹಿಂದೇ ಇದ್ದಾನೆ’ ಅಂತ ಕಿರಿಚುವುದು. ಹುಬ್ಬಳ್ಳಿ ಕಡೆಯ ಜಾತ್ರೆಯ ನಾಟಕ ನೋಡಿ ಬೆಳೆದವರಿಗೆ ಅಲ್ಲಿ ಅನುವಾದವೇ ಬೇಕಾಗುವುದಿಲ್ಲ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ವೋಕಿಂಗ್ ಪಾರ್ಕಿನಲ್ಲಿ ಪಾರ್ಕ್‌ರನ್, ಐದು ಕಿಲೋಮೀಟರು, ದುಡ್ಡಿಲ್ಲ, ಓಡಲಾಗದಿದ್ದರೆ ನಡೆಯಿರಿ. ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಊರೂರಲ್ಲಿ ಹೆರಿಟೇಜ್ ಓಪನ್ ಡೇಸ್, ಉಳಿದ ದಿನ ಮುಚ್ಚಿರುವ ಬಾಗಿಲುಗಳನ್ನೂ ಪುಕ್ಕಟೆ ತೆರೆಯುತ್ತಾರೆ. ಫುಟ್‌ಬಾಲು ಅಂದರೆ ನಮ್ಮವರಿಗೆ ಟೀವಿಯ ಮ್ಯಾಂಚೆಸ್ಟರೇ ಆಗಬೇಕು. 1991ರ ಜನವರಿಯಲ್ಲಿ ನಮ್ಮ ಪುಟ್ಟ ವೋಕಿಂಗ್ ತಂಡ ಎಫ್.ಎ. ಕಪ್ಪಿನಲ್ಲಿ ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ನನ್ನು ಅವರ ಮೈದಾನದಲ್ಲೇ 4–2ರಲ್ಲಿ ಹೊಡೆದು ಹಾಕಿತು. ಮೂರು ಗೋಲು ಹೊಡೆದ ಟಿಮ್ ಬುಜಾಗ್ಲೊ ಜಿಬ್ರಾಲ್ಟರ್ ಪರ ಕ್ರಿಕೆಟ್ ಆಡಿದವನು. ಕ್ರಿಕೆಟ್ಟಿಗನ ಮೇಲಿನ ಅಭಿಮಾನಕ್ಕಾದರೂ ಕಿಂಗ್‌ಫೀಲ್ಡಿನ ಕಡೆ ಒಂದು ಶನಿವಾರ ತಲೆ ಹಾಕಬಾರದೇ!

ನೋಡುವುದು ಬಿಡುವುದು ನಮ್ಮ ಇಷ್ಟ, ನಿನಗೇನು ನಷ್ಟ ಅಂತ ಕೇಳಬಹುದು. ನಷ್ಟ ಇದೆ, ಲೆಕ್ಕದಲ್ಲೇ ತೋರಿಸುತ್ತೇನೆ. 2023ರ ಜೂನಿನಲ್ಲಿ ವೋಕಿಂಗ್ ಬರೋ ಕೌನ್ಸಿಲ್ ಸೆಕ್ಷನ್ 114ರ ನೋಟಿಸು ಹೊರಡಿಸಿತು, ಅಂದರೆ ಕೈಯಲ್ಲಿ ಕಾಸಿಲ್ಲ, ಕಾನೂನು ಕಡ್ಡಾಯ ಮಾಡಿದ್ದು ಬಿಟ್ಟು ಹೊಸ ಖರ್ಚಿಲ್ಲ ಅಂತ ಕೈ ಎತ್ತಿತು. ಆ ವರ್ಷ ಕೌನ್ಸಿಲಿಗೆ ಸಿಗುತ್ತಿದ್ದ ಮೂಲ ಹಣ 1 ಕೋಟಿ 60 ಲಕ್ಷ ಪೌಂಡು. ಎದುರಿಗಿದ್ದ ಕೊರತೆ 120 ಕೋಟಿ ಪೌಂಡು! ವಿಕ್ಟೋರಿಯಾ ಸ್ಕ್ವೇರ್ ಅಂತ ಮುಗಿಲೆತ್ತರದ ಗೋಪುರಗಳು, ಹೋಟೆಲ್ಲು ಕಟ್ಟಲು, ಶೀರ್‌ವಾಟರ್ ಬಡಾವಣೆಯನ್ನು ಹೊಸದಾಗಿ ಕಟ್ಟಲು ತಂದ ಸಾಲ. ಹಾಲುಗಲ್ಲದ ಮಗು ಪೇಟೆಯನ್ನೇ ಅಡವಿಟ್ಟ ಹಾಗಾಯಿತು. ಸುತ್ತಲೂ ಗೋಪುರ ಏಳುವಾಗ ನಾವು ಅದರ ಕೆಳಗೇ ನಡೆದು ರೈಲು ಹತ್ತುತ್ತಿದ್ದೆವು, ಯಾರ ದುಡ್ಡಲ್ಲಿ ಏಳುತ್ತಿದೆ ಅಂತ ಒಬ್ಬ ಬ್ಲಾಗಿಗನೂ ಕೇಳಿ ಬರೆಯಲಿಲ್ಲ. 2024ರ ಏಪ್ರಿಲಿನಲ್ಲಿ ಬರೋ ಪಾಲಿನ ಕೌನ್ಸಿಲ್ ತೆರಿಗೆ ಹೆಚ್ಚುಕಡಿಮೆ ಶೇ. 10 ಏರಿತು. ಅದು ನಮ್ಮ ಜೇಬು.

ದುಡ್ಡಿಲ್ಲದ ಮನೆಯಲ್ಲಿ ಮೊದಲು ಕತ್ತರಿ ಬೀಳುವುದು ಎಲ್ಲಿಗೆ? ಕಸ ಎತ್ತುವುದನ್ನು ನಿಲ್ಲಿಸುವ ಹಾಗಿಲ್ಲ. ಆಟದ ಮೈದಾನ, ಸಮುದಾಯ ಭವನ, ಕಲೆ, ಸಂಗ್ರಹಾಲಯ, ಇವಕ್ಕೆ. ಅದರಲ್ಲೂ ಯಾವುದಕ್ಕೆ ಅಂದರೆ, ಬರುವವರ ಎಣಿಕೆ ಕಡಿಮೆ ಇರುವುದಕ್ಕೆ, ಮುಚ್ಚಿದರೆ ಕೂಗಾಡುವವರು ಇಲ್ಲದ್ದಕ್ಕೆ. ಬ್ರೂಕ್‌ವುಡ್ ಸ್ಮಶಾನ ಎಷ್ಟೋ ದಶಕ ಖಾಸಗಿಯವರ ಕೈಯಲ್ಲಿ ಕಾಡು ಬೆಳೆದು ನಿಂತಿತ್ತು, 2014ರಲ್ಲಿ ಇದೇ ಕೌನ್ಸಿಲ್ ಕೊಂಡು ಸರಿಮಾಡತೊಡಗಿತು. ಆ ಕೌನ್ಸಿಲಿಗೇ ಈಗ ಆಯಸ್ಸು ಮುಗಿದಿದೆ. ಸರ್ರೀಯ ಕೌನ್ಸಿಲುಗಳನ್ನೆಲ್ಲ ರದ್ದು ಮಾಡಿ ಪೂರ್ವ, ಪಶ್ಚಿಮ ಅಂತ ಎರಡೇ ಮಾಡುವುದಾಗಿ 2025ರ ಅಕ್ಟೋಬರಿನಲ್ಲಿ ಸರಕಾರ ತೀರ್ಮಾನಿಸಿತು. ಎಲ್ಲಿಯದೋ ಕಚೇರಿಯಲ್ಲಿ ಕೂತವರು ವೋಕಿಂಗಿನ ಆಸ್ತಿಯ ಪಟ್ಟಿ ಹಿಡಿದು ಇದು ಇರಲಿ, ಇದು ಹೋಗಲಿ ಅಂತ ಗೀಟು ಹಾಕುವಾಗ, ಇಷ್ಟು ಸಾವಿರ ಜನ ನಾವು ಇಲ್ಲಿದ್ದೂ ಲೆಕ್ಕಕ್ಕಿಲ್ಲ.

‘ನಾವು ಹೊರಗಿನವರು, ನಮ್ಮ ಮಾತು ಯಾರು ಕೇಳ್ತಾರೆ’ ಅನ್ನುವುದು ಕೊನೆಯ ನೆಪ. ಅದೂ ನಡೆಯುವುದಿಲ್ಲ. ನೀಲಿ ಪಾಸ್‌ಪೋರ್ಟು ಭಾರತದ್ದೇ ಇರಲಿ, ಇಲ್ಲಿ ಕಾನೂನುಬದ್ಧವಾಗಿ ವಾಸವಿರುವ ಕಾಮನ್‌ವೆಲ್ತ್ ಪ್ರಜೆಗೆ ಇಲ್ಲಿ ವೋಟಿದೆ, ಕೌನ್ಸಿಲಿಗೂ ಪಾರ್ಲಿಮೆಂಟಿಗೂ. ಫಾರಮ್ಮು ತುಂಬಲು ಐದು ನಿಮಿಷ ಸಾಕು. ಕಳೆದ ಯುಗಾದಿಗೆ ಸೇರಿದ್ದ ಒಂದು ಮನೆಯಲ್ಲಿ ಕೇಳಿದೆ, ಹದಿನಾಲ್ಕು ಜನರಲ್ಲಿ ಹೆಸರು ನೋಂದಾಯಿಸಿದವರು ಮೂವರು. ಒಬ್ಬರು ‘ವೀಸಾಗೆ ತೊಂದ್ರೆ ಆಗಲ್ವಾ?’ ಅಂತ ಪಿಸುಗುಟ್ಟಿದರು. ಆಗುವುದಿಲ್ಲ ತಾಯಿ, ಹಕ್ಕು ಅದು.

ರೀಡಿಂಗ್, ಸ್ಲಾವ್, ಬೇಸಿಂಗ್‌ಸ್ಟೋಕ್, ವಾಟ್‌ಫರ್ಡ್ ಕಡೆಯ ಗೆಳೆಯರು ‘ನಿಮ್ಮೂರಲ್ಲಿ ಟಾಟಾ ಇದಾರೆ, ನಮ್ಮೂರಲ್ಲಿ ಏನಿದೆ’ ಅಂತ ಕಾಮೆಂಟು ಹಾಕುವ ಮೊದಲು ಒಂದು ಭಾನುವಾರ ಕಾರಿನ ಕೀಲಿ ಮನೆಯಲ್ಲೇ ಬಿಟ್ಟು ನಿಮ್ಮ ಊರಿನ ಲೈಬ್ರರಿಯವರೆಗೆ ನಡೆದು, ‘ಈ ಊರಿನ ಚರಿತ್ರೆ ಎಲ್ಲಿಟ್ಟಿದ್ದೀರಿ’ ಅಂತ ಕೇಳಿ ಬನ್ನಿ. ಆಮೇಲೆ ಜಗಳಕ್ಕೆ ಬನ್ನಿ, ನಾನು ತಯಾರು.

ವೋಕಿಂಗಿಗೆ ಬರುವವರಿಗೆ: ಬ್ರೂಕ್‌ವುಡ್ ಸ್ಟೇಷನ್ನಿನಲ್ಲಿ ಇಳಿದರೆ ಸ್ಮಶಾನಕ್ಕೆ ಹಳಿಯ ದಕ್ಷಿಣದ ಕಡೆಯಿಂದಲೇ ದಾರಿ. ಒಳಗೆ ತುಂಬ ದೊಡ್ಡದು, ನಕಾಶೆ ನೋಡಿಕೊಂಡು ಪಾರ್ಸಿಗಳ ಭಾಗ ಹುಡುಕಿ. ಚಳಿಗಾಲದಲ್ಲಿ ಕೆಸರಿರುತ್ತದೆ, ಒಳ್ಳೆಯ ಶೂ ಹಾಕಿಕೊಂಡು ಬನ್ನಿ. ಅಪ್ಪ ಅಮ್ಮ ಬಂದಿದ್ದರೆ ಅವರನ್ನೂ ಕರೆದುಕೊಂಡು ಬನ್ನಿ, ಕೂರಲು ಒಂದು ಮಡಚುವ ಕುರ್ಚಿ ಇಟ್ಟುಕೊಳ್ಳಿ.